ಆರು ವರ್ಷದಲ್ಲಿ ಐದು ಕೆಲಸ: ಸೋಮಾರಿತನವಾ, ಕಾಯಿಲೆಯಾ?

ಪ್ರಶ್ನೆ: ನಮ್ಮದು ಬಂಗಾರಪೇಟೆ ಹತ್ತಿರ ಒಂದು ಹಳ್ಳಿ. ನಮ್ಮ ಯಜಮಾನರಿಗೆ 39 ವರ್ಷ. ಐಟಿಐ ಫಿಟ್ಟರ್ ಮಾಡಿದ್ದಾರೆ. ಒಂದೇ ಕಂಪನಿಯಲ್ಲಿ ಒಂಬತ್ತು ವರ್ಷ ಇದ್ದವರು, ಈ ಆರು ವರ್ಷದಲ್ಲಿ ಐದು ಕೆಲಸ ಬಿಟ್ಟಿದ್ದಾರೆ. ಸೇರಿದ ಹೊಸದರಲ್ಲಿ ಚೆನ್ನಾಗೇ ಹೋಗ್ತಾರೆ. ಆಮೇಲೆ ರಜೆ ಹಾಕೋದು, ಸೂಪರ್‌ವೈಸರ್ ಜೊತೆ ಜಗಳ, ಕೊನೆಗೊಂದು ದಿನ ಹೋಗೋದೇ ನಿಲ್ಲಿಸ್ತಾರೆ. ರಾತ್ರಿ ಮೂರು ಗಂಟೆಗೇ ಎದ್ದು ಕೂತಿರ್ತಾರೆ. ಕುಡಿಯೋದೂ ಜಾಸ್ತಿ ಆಗಿದೆ. ಅತ್ತೆ "ಸೋಮಾರಿ ಆಗೋದ" ಅಂತಾರೆ. ನಾನು ಗಾರ್ಮೆಂಟ್ಸ್‌ಗೆ ಹೋಗಿ ಮನೆ ನಡೆಸ್ತಿದೀನಿ. ಈಗ ಇವರು ಕಂಪನಿ ಸಹವಾಸವೇ ಬೇಡ, ಸಾಲ ಮಾಡಿ ಟೊಮೆಟೊ ಹಾಕ್ತೀನಿ ಅಂತಿದಾರೆ. ಇದು ಡಿಪ್ರೆಷನ್ನಾ? ಇವರು ಇನ್ನು ಒಂದು ಕಡೆ ನಿಲ್ಲೋದುಂಟಾ? ಕಂಪನಿಯವರಿಗೆ ಕಾಯಿಲೆ ಅಂತ ಹೇಳಬಹುದಾ? ಏಳು ವರ್ಷದ ಮಗ "ಅಪ್ಪ ಯಾಕೆ ಕೆಲಸಕ್ಕೆ ಹೋಗಲ್ಲ" ಅಂತ ಕೇಳ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಒಂಬತ್ತು ವರ್ಷ. ಸೋಮಾರಿ ಆದವನು ಒಂದೇ ಕಡೆ ಒಂಬತ್ತು ವರ್ಷ ಶಿಫ್ಟ್ ದುಡಿಯುವುದಿಲ್ಲ. ಅತ್ತೆಯವರಿಗೆ ಈ ಒಂದು ಮಾತು ನೆನಪಿಸಿ. ಸೋಮಾರಿತನ ಇದ್ದರೆ ಇಪ್ಪತ್ತನೇ ವಯಸ್ಸಿನಲ್ಲೇ ಕಾಣುತ್ತಿತ್ತು. ಮೂವತ್ತಮೂರರವರೆಗೆ ಸರಿಯಾಗಿದ್ದವರು ಆಮೇಲೆ ಬದಲಾದರು ಅಂದರೆ ನಡುವೆ ಏನೋ ಬಂದಿದೆ ಅಂತಲೇ ಅರ್ಥ.

ಪತ್ರ ನೋಡಿ ಕಾಯಿಲೆ ಹೆಸರು ಹೇಳುವುದು ತಪ್ಪು. ಆದರೂ ಬೆಳಗಿನ ಜಾವ ಮೂರಕ್ಕೆ ಎಚ್ಚರ, ಸಿಡುಕು, ಕುಡಿತ, ಕೆಲಸದಿಂದ ಜಾರಿಕೊಳ್ಳುವುದು ಇವೆಲ್ಲ ಒಟ್ಟಿಗೆ ಬಂದಾಗ ನಾನು ಮೊದಲು ಹುಡುಕುವುದು ಖಿನ್ನತೆಯನ್ನೇ. ಮನಸ್ಸು ಮಂಕಾಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಬಿಡದೆ ಇದ್ದು, ನಿದ್ದೆ, ಹಸಿವು, ಶಕ್ತಿ, ಗಮನ ಇವೂ ಕೆಟ್ಟಿದ್ದರೆ ಖಿನ್ನತೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಅಷ್ಟು ತೀವ್ರ ಇಲ್ಲದೆ, ಎರಡು ವರ್ಷಕ್ಕೂ ಜಾಸ್ತಿ ಮಂದವಾಗಿ ಎಳೆಯುವ ಇನ್ನೊಂದು ಬಗೆ ಇದೆ. ಕೆಲಸವನ್ನು ಹೆಚ್ಚು ತಿನ್ನುವುದು ಈ ಎರಡನೆಯದು. ಮಲಗಿಬಿಟ್ಟವನನ್ನು ಮನೆಯವರು ಆಸ್ಪತ್ರೆಗೆ ಎತ್ತಿಕೊಂಡು ಬರುತ್ತಾರೆ. ಎದ್ದು ಓಡಾಡುತ್ತಾ, ಬಸ್ ಹತ್ತುತ್ತಾ, ಒಳಗೆ ಅರ್ಧ ಖಾಲಿಯಾದವನನ್ನು ಯಾರೂ ಕರೆದುಕೊಂಡು ಬರುವುದಿಲ್ಲ.

ನನ್ನ ಹತ್ತಿರ ಬರುವ ಗಂಡಸರಿಗೆ "ಬೇಜಾರಾ?" ಅಂತ ಕೇಳಿದರೆ "ಇಲ್ಲ ಸಾರ್, ಗ್ಯಾಸು" ಅನ್ನುತ್ತಾರೆ. ಇಲ್ಲವೇ ತಲೆ ಭಾರ, ಸೊಂಟ ನೋವು, ನರ ವೀಕ್ನೆಸ್ಸು. ಅದಕ್ಕೇ ನಾನು ಓಪಿಡಿ ಚೀಟಿ ತಿರುವಿ ಹಾಕಿ, ಹಿಂದಿನ ಖಾಲಿ ಜಾಗದಲ್ಲಿ ಅವರು ಮಾಡಿದ ಕೆಲಸಗಳನ್ನು ಬರೆಯುತ್ತೇನೆ. ಯಾವ ವರ್ಷ ಸೇರಿದ್ದು, ಎಷ್ಟು ತಿಂಗಳು ಇದ್ದದ್ದು, ಹೇಗೆ ಬಿಟ್ಟದ್ದು, ಆಗ ನಿದ್ದೆ ಹೇಗಿತ್ತು. ಮನಸ್ಸಿನ ವಿಷಯ ಮುಚ್ಚಿಡುವ ಗಂಡಸು ಕೆಲಸದ ವಿಷಯ ಸರಾಗವಾಗಿ ಹೇಳುತ್ತಾನೆ. ಬರೆದು ಮುಗಿಸುವಷ್ಟರಲ್ಲಿ ಒಂದು ನಮೂನೆ ಎದ್ದು ಕಾಣುತ್ತದೆ. ಮೊದಲ ಕೆಲಸ ವರ್ಷಗಟ್ಟಲೆ, ಆಮೇಲೆ ಹದಿನಾಲ್ಕು ತಿಂಗಳು, ಹತ್ತು, ಏಳು, ನಾಲ್ಕು. ರಕ್ತ ಪರೀಕ್ಷೆಯ ರಿಪೋರ್ಟ್ ಇದ್ದ ಹಾಗೆ ಅದು.

ಕೆಲಸ ಬಿಡುವುದು ಕೊನೆಯ ಹೆಜ್ಜೆ. ಅದಕ್ಕೆ ಮುಂಚೆ ಬೇಕಾದಷ್ಟು ಆಗಿರುತ್ತದೆ. ಮೊದಲು ಹೋಗುವುದು ನಿದ್ದೆ. ಆಮೇಲೆ ಗಮನ. ಫಿಟ್ಟರ್ ಕೆಲಸದಲ್ಲಿ ಇದು ಬೇಗ ಗೊತ್ತಾಗುತ್ತದೆ. ಹತ್ತು ಬೋಲ್ಟ್ ಬಿಗಿದು ಹನ್ನೊಂದನೇದಕ್ಕೆ ಹೋದಾಗ, ಒಂಬತ್ತನೇದು ಬಿಗಿದಿದ್ನಾ ಇಲ್ವಾ ಅಂತ ಅನುಮಾನ. ವಾಪಸ್ ಹೋಗಿ ನೋಡುವುದು. ಅಳತೆಗೆ ವರ್ನಿಯರ್ ರೀಡಿಂಗ್ ಮೂರು ಸಲ ತೆಗೆಯುವುದು. ಲೈನ್ ನಿಲ್ಲುತ್ತದೆ, ಸೂಪರ್‌ವೈಸರ್ ಎಲ್ಲರ ಮುಂದೆ ಬೈಯುತ್ತಾನೆ. ಮೊದಲಾದರೆ ನಗುತ್ತಾ ತೆಗೆದುಕೊಳ್ಳುತ್ತಿದ್ದ ಮಾತು ಈಗ ಮೈಗೆ ಚುಚ್ಚುತ್ತದೆ. ಸೋಮವಾರ ರಜೆ ಶುರುವಾಗುತ್ತದೆ, ಓಟಿ ಬೇಡ ಅನ್ನುತ್ತಾರೆ, ಕ್ಯಾಂಟೀನ್‌ನಲ್ಲಿ ಒಬ್ಬರೇ ಕೂರುತ್ತಾರೆ. ಜಗಳ ಆಗುವ ಹೊತ್ತಿಗೆ ಕಾಯಿಲೆಗೆ ಆರೇಳು ತಿಂಗಳಾಗಿರುತ್ತದೆ. ಹೊರಗಿನವರಿಗೆ ಕಾಣುವುದು ಜಗಳ ಮಾತ್ರ.

ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ನಿಮ್ಮವರ ಹಾಗೆ ಲೆಕ್ಕವಿಲ್ಲದಷ್ಟು ಜನ ಇದ್ದಾರೆ ಅಂತ ಗೊತ್ತಿರಲಿ ಅಂತ.

ನನ್ನ ಅನುಭವದಲ್ಲಿ, ಒಂದು ದಿನ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನುವುದಕ್ಕಿಂತ ಎಷ್ಟು ಕಾಲ ಇತ್ತು, ಎಷ್ಟು ಸಲ ಬಂತು ಅನ್ನುವುದು ಕೆಲಸವನ್ನು ಜಾಸ್ತಿ ಕೆಡಿಸುತ್ತದೆ. ಎರಡು ತಿಂಗಳು ಪೂರ್ತಿ ಮಲಗಿ, ಚಿಕಿತ್ಸೆ ಪಡೆದು ಎದ್ದವರು ಅದೇ ಕುರ್ಚಿಗೆ ವಾಪಸ್ ಹೋಗುತ್ತಾರೆ. ವರ್ಷಗಟ್ಟಲೆ ಅರೆಬರೆ ಇದ್ದವರಿಗೆ ಕುರ್ಚಿಯೇ ಉಳಿಯುವುದಿಲ್ಲ. ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗೆ ಹೋಗಿ ಸೇರುತ್ತಾರೆ. ಪರ್ಮನೆಂಟ್ ಇದ್ದವರು ಕಾಂಟ್ರಾಕ್ಟ್‌ಗೆ, ಕಾಂಟ್ರಾಕ್ಟ್‌ನಿಂದ ದಿನಗೂಲಿಗೆ. ಪಿಎಫ್ ಪಿಂಚಣಿ ಸಿಗಲು 10 ವರ್ಷದ ಸೇವೆ ಬೇಕು. ನಿಮ್ಮವರು ಒಂಬತ್ತಕ್ಕೆ ಬಿಟ್ಟಿದ್ದಾರೆ. ಆ ದುಡ್ಡು ಪೂರ್ತಿ ತೆಗೆದುಬಿಟ್ಟಿದ್ದಾರಾ ಅಥವಾ ಹಳೇ ಸೇವೆ ಹೊಸದಕ್ಕೆ ಸೇರಿದೆಯಾ, ಒಮ್ಮೆ ಪಿಎಫ್‌ನವರು ಕೊಟ್ಟ ಯುಎಎನ್ ನಂಬರ್ ಹಾಕಿ ನೋಡಿಸಿ. ಬೇಜಾರಿನಲ್ಲಿ ಕೆಲಸ ಬಿಟ್ಟವರು ಮೊದಲು ಮಾಡುವುದೇ ಪಿಎಫ್ ತೆಗೆಯುವುದು.

ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೇನೆ. ಕೆಜಿಎಫ್ ಕಡೆಯವರು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಟ್ರೈನಿಗೆ ಡಬ್ಬಿ ಹಿಡಿದು ಹೋಗುವುದು, ಕತ್ತಲಾದ ಮೇಲೆ ವಾಪಸ್ ಬರುವುದು. ಬೆಂಗಳೂರಲ್ಲಿ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ. ಒಂದು ದಿನ ಅವರ ತಾಯಿ ಬಟ್ಟೆ ಒಗೆಯುವಾಗ ಶರ್ಟು ಮೂಸಿ ನೋಡಿದರು. ಆಯಿಲ್ ವಾಸನೆ ಇಲ್ಲ. ಮಾರನೇ ದಿನವೂ ಇಲ್ಲ. ಕಾಲರ್ ಕೊಳೆ ಆಗಿದೆ, ತೋಳು ಮಾತ್ರ ಬೆಳ್ಳಗೆ. ಕೇಳಿದ್ದಕ್ಕೆ ಮೊದಲು ಜಗಳ, ಆಮೇಲೆ ಅಳು. ಕೆಲಸ ಹೋಗಿ ಎರಡು ತಿಂಗಳಾಗಿತ್ತಂತೆ. ದಿನಾ ಹೋಗಿ ಸ್ಟೇಷನ್ ಬೆಂಚಿನ ಮೇಲೆ ಕೂತು, ಡಬ್ಬಿ ಉಂಡು, ಅದೇ ಟ್ರೈನಿಗೆ ವಾಪಸ್. ಸಂಬಳ ಅಂತ ಮನೆಗೆ ಕೊಟ್ಟದ್ದು ಕೈಸಾಲ. "ಮನೆಯಲ್ಲಿ ಕೂತರೆ ಗಂಡಸಾ ಸಾರ್?" ಅಂತ ನನ್ನನ್ನೇ ಕೇಳಿದರು.

ಆ ಪ್ರಶ್ನೆಯೇ ನಮ್ಮ ಕಡೆ ಗಂಡಸರ ಖಿನ್ನತೆಯ ತಿರುಳು. ಖಿನ್ನತೆ ಹೆಂಗಸರಲ್ಲಿ ಜಾಸ್ತಿ ಅಂತ ಬಹುತೇಕ ಎಲ್ಲ ದೇಶಗಳ ಅಂಕಿಅಂಶವೂ ಹೇಳುತ್ತದೆ. ಆದರೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ ನೂರಕ್ಕೆ ಸುಮಾರು 72 ಜನ ಗಂಡಸರು. ಒಟ್ಟು ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಿನಗೂಲಿಯವರು. ಹೆಂಗಸರು ಅಳುತ್ತಾರೆ, ಅಕ್ಕನ ಹತ್ತಿರವೋ ಪಕ್ಕದ ಮನೆಯವರ ಹತ್ತಿರವೋ ಹೇಳಿಕೊಳ್ಳುತ್ತಾರೆ. ಗಂಡಸು ಸಿಟ್ಟಾಗುತ್ತಾನೆ, ಕುಡಿಯುತ್ತಾನೆ, ಸುಮ್ಮನಾಗುತ್ತಾನೆ. ನಾವು ಸಿಟ್ಟಿಗೆ ಬೈಯುತ್ತೇವೆ, ಕುಡಿತಕ್ಕೆ ಹರಕೆ ಹೊರುತ್ತೇವೆ. ಒಳಗಿನದ್ದು ಹಾಗೇ ಉಳಿಯುತ್ತದೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಖಿನ್ನತೆ ಕೆಲಸ ಕಳೆಯುತ್ತದೆ, ಕೆಲಸ ಹೋದದ್ದು ಖಿನ್ನತೆ ಬೆಳೆಸುತ್ತದೆ. ಮುನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಬಂದ ಒಂದು ಸಂಶೋಧನೆಯ ಪ್ರಕಾರ, ಕೆಲಸ ಇರುವವರಲ್ಲಿ ನೂರಕ್ಕೆ 16 ಜನಕ್ಕೆ ಮಾನಸಿಕ ತೊಂದರೆ ಇದ್ದರೆ, ಕೆಲಸ ಇಲ್ಲದವರಲ್ಲಿ 34 ಜನಕ್ಕೆ. ಅದರಲ್ಲೂ ಗಂಡಸರಿಗೆ, ಕೈಕೆಲಸ ಮಾಡುವ ಕಾರ್ಮಿಕರಿಗೆ ಪೆಟ್ಟು ಜಾಸ್ತಿ.

1930ರ ಸುಮಾರಿಗೆ ಆಸ್ಟ್ರಿಯಾದ ಮಾರಿಯೆಂಥಾಲ್ ಅನ್ನುವ ಊರಲ್ಲಿ ಬಟ್ಟೆ ಗಿರಣಿ ಮುಚ್ಚಿತು. ಹೆಚ್ಚುಕಡಿಮೆ ಇಡೀ ಊರೇ ನಿರುದ್ಯೋಗಿ. ಮಾರಿ ಯಾಹೋಡಾ ಅನ್ನುವ ಮನೋವಿಜ್ಞಾನಿ ಮತ್ತು ಜೊತೆಗಾರರು ಅಲ್ಲಿ ಹೋಗಿ, ಬೀದಿಯಲ್ಲಿ ಜನ ನಡೆಯುವ ವೇಗವನ್ನು ಗಡಿಯಾರ ಹಿಡಿದು ಅಳೆದರು. ಗಂಡಸರು ಹೆಂಗಸರಿಗಿಂತ ನಿಧಾನ. ಹೆಜ್ಜೆಹೆಜ್ಜೆಗೆ ನಿಲ್ಲುತ್ತಿದ್ದರು. ಹೆಂಗಸರಿಗೆ ಒಲೆ, ಮಗು, ನೀರು ಕಾಯುತ್ತಿತ್ತು. ಗಂಡಸರಿಗೆ ಯಾವುದೂ ಕಾಯುತ್ತಿರಲಿಲ್ಲ. ಹೊತ್ತು ಬೇಕಾದಷ್ಟಿದ್ದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಮ್ಮಿಯಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಕೆಜಿಎಫ್ ನೆನಪಾಗುತ್ತದೆ. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಹೋದದ್ದು ಸಂಬಳವೊಂದೇ ಅಲ್ಲ. ಶಿಫ್ಟ್ ಸೈರನ್, ಜೊತೆಗಾರರು, "ನಾನು ಗಣಿಯವನು" ಅನ್ನುವ ಹೆಮ್ಮೆ ಎಲ್ಲವೂ ಹೋಯಿತು. ಇವತ್ತು ಅದೇ ಮನೆಗಳ ಮಕ್ಕಳು ಮೊಮ್ಮಕ್ಕಳು ದಿನಾ ಬೆಂಗಳೂರಿನ ಟ್ರೈನಿನಲ್ಲಿ ಒತ್ತಿಕೊಂಡು ಹೋಗುತ್ತಾರೆ. ಕೆಲಸ ದಿನಕ್ಕೊಂದು ಚೌಕಟ್ಟು ಕೊಡುತ್ತದೆ. ಖಿನ್ನತೆಯವರಿಗೆ ಆ ಚೌಕಟ್ಟೇ ಅರ್ಧ ಔಷಧಿ. ಅದಕ್ಕೇ "ಪೂರ್ತಿ ಹುಷಾರಾದ ಮೇಲೆ ಕೆಲಸ ನೋಡೋಣ" ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಇನ್ನು ಮಾಡಬೇಕಾದ್ದು. ಮೊದಲು ಒಬ್ಬ ಡಾಕ್ಟರ ಹತ್ತಿರ ಥೈರಾಯ್ಡ್, ಸಕ್ಕರೆ, ಬಿ12, ಹಿಮೋಗ್ಲೋಬಿನ್ ನೋಡಿಸಿ. ಇವು ಕೆಟ್ಟಿದ್ದರೂ ಇದೇ ಸುಸ್ತು, ಇದೇ ಮಂಕು. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಅದನ್ನೂ ಹೇಳಿ.

ಆಮೇಲೆ ನೀವು ನೆನಪು ಮಾಡಿಕೊಂಡು ಹೇಳಬೇಕಾದ ಒಂದು ಮುಖ್ಯ ವಿಷಯ ಇದೆ. ಆ ಐದು ಕೆಲಸಗಳಲ್ಲಿ ಯಾವುದನ್ನಾದರೂ ಉತ್ಸಾಹದಲ್ಲಿ ಬಿಟ್ಟಿದ್ದರಾ? ಅಂದರೆ ಕೆಲವು ದಿನ ನಿದ್ದೆಯೇ ಬೇಡ, ಮಾತು ಜಾಸ್ತಿ, ಸಿಕ್ಕಾಪಟ್ಟೆ ಖರ್ಚು, "ನಾನೇ ಕಂಪನಿ ತೆಗೀತೀನಿ" ಅನ್ನುವ ಜೋರು. ಹಾಗಿದ್ದರೆ ಅದು ಬೈಪೋಲಾರ್, ಅಂದರೆ ಅತಿ ಉತ್ಸಾಹ, ಕುಸಿತ ಎರಡೂ ಬಂದುಹೋಗುವ ಕಾಯಿಲೆ ಇರಬಹುದು. ಅದರ ಔಷಧಿಯೇ ಬೇರೆ. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಅಲ್ಲಿ ಎಡವಟ್ಟಾಗಬಹುದು. ಗಂಡಸರು ಆ ದಿನಗಳನ್ನು ಕಾಯಿಲೆ ಅಂತ ಹೇಳುವುದೇ ಇಲ್ಲ. ಹೆಂಡತಿಯೇ ಹೇಳಬೇಕು.

ಕುಡಿತದ ಬಗ್ಗೆ ಒಂದೇ ಮಾತು. ದಿನಾ ಜಾಸ್ತಿ ಕುಡಿಯುವವರನ್ನು ಮನೆಯಲ್ಲೇ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಕೈನಡುಕ, ಫಿಟ್ಸ್ ಬರಬಹುದು. ಡಾಕ್ಟರ ಸಲಹೆಯಲ್ಲೇ ಬಿಡಿಸಿ. ಕುಡಿತ ನಿಂತು ಕೆಲವು ವಾರ ಕಳೆದರೆ ಖಿನ್ನತೆ ಎಷ್ಟಿದೆ ಅಂತ ಇನ್ನೂ ಸರಿಯಾಗಿ ಗೊತ್ತಾಗುತ್ತದೆ.

ಮಾತ್ರೆಗಳಿಗೆ ಹೆದರಬೇಡಿ. ಫ್ಲುಆಕ್ಸೆಟಿನ್, ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್ ಇವೆಲ್ಲ ಹಳೇ ಔಷಧಿಗಳು, ಬೆಲೆಯೂ ಕಮ್ಮಿ. ಮೊದಲ ವಾರ ಹೊಟ್ಟೆ ತೊಳಸುವುದು, ಸ್ವಲ್ಪ ಚಡಪಡಿಕೆ ಇರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಪರಿಣಾಮಕ್ಕೆ ಇನ್ನೂ ಜಾಸ್ತಿ. ನಮ್ಮವರು ಹತ್ತು ದಿನಕ್ಕೇ "ಏನೂ ಆಗಲಿಲ್ಲ" ಅಂತ ಬಿಸಾಕುತ್ತಾರೆ. ಇಲ್ಲವೇ ಎರಡು ತಿಂಗಳಿಗೆ ಹುಷಾರಾಯಿತು ಅಂತ ನಿಲ್ಲಿಸುತ್ತಾರೆ. ಹುಷಾರಾದ ಮೇಲೂ ಆರರಿಂದ ಒಂಬತ್ತು ತಿಂಗಳು ತೆಗೆದುಕೊಳ್ಳಬೇಕು. ಆರು ವರ್ಷದಿಂದ ಏಳುಬೀಳು ಇರುವವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಗಂಡ ಹೆಂಡಿರ ಸಂಬಂಧದಲ್ಲಿ ಆಸಕ್ತಿ ಕಮ್ಮಿಯಾಯಿತು ಅಂತ ಗುಟ್ಟಾಗಿ ಮಾತ್ರೆ ಬಿಡುವ ಗಂಡಸರು ಬೇಕಾದಷ್ಟಿದ್ದಾರೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಾಯಿಸುತ್ತಾರೆ. ಔಷಧಿಯ ಜೊತೆ ಆಪ್ತಸಮಾಲೋಚನೆಯೂ ಬೇಕು, ಅದರಲ್ಲೂ ನಿಮ್ಮವರಿಗೆ. ಆ ಸೂಪರ್‌ವೈಸರ್ ಜಗಳ ಮತ್ತೆ ಮತ್ತೆ ಯಾಕಾಗುತ್ತದೆ ಅಂತ ಮಾತ್ರೆ ಹೇಳಿಕೊಡುವುದಿಲ್ಲ.

ಯಾರೂ ಮುಂಚೆ ಹೇಳದ ಒಂದು ವಿಷಯ ಇದೆ. ನಿದ್ದೆ ಮೊದಲು ವಾಪಸ್ ಬರುತ್ತದೆ. ಆಮೇಲೆ ಹಸಿವು, ಆಮೇಲೆ ಮುಖದ ಮೇಲೆ ನಗು. ಗಮನ ಮತ್ತು ನೆನಪು ಎಲ್ಲಕ್ಕಿಂತ ಕೊನೆಗೆ. ಮನೆಯವರು ನಗು ನೋಡಿ "ಆಯ್ತಲ್ಲ, ಹೊರಡು" ಅನ್ನುತ್ತಾರೆ. ಹೋದವರು ಒಂಬತ್ತನೇ ಬೋಲ್ಟ್ ಹತ್ತಿರ ಮತ್ತೆ ಸಿಕ್ಕಿಹಾಕಿಕೊಂಡು, "ನಾನು ಇನ್ನು ಲಾಯಕ್ಕಿಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಹಾಗಾಗಿ ಮೊದಲ ಎರಡು ಮೂರು ತಿಂಗಳು ಸುಲಭದ ಕೆಲಸ, ಹಗಲು ಶಿಫ್ಟ್, ಓಟಿ ಇಲ್ಲ. ರಾತ್ರಿ ಪಾಳಿ ಈ ಕಾಯಿಲೆಗೆ ಬಹಳ ಕೆಟ್ಟದ್ದು. ಚೀಟಿ ಕೊಡಿ ಅಂತ ಡಾಕ್ಟರನ್ನು ಧಾರಾಳವಾಗಿ ಕೇಳಿ.

ಕಂಪನಿಗೆ ಹೇಳುವುದರ ಬಗ್ಗೆ. ಲೈನಿನಲ್ಲಿ ಎಲ್ಲರಿಗೂ ಹೇಳುವ ಅಗತ್ಯ ಇಲ್ಲ. ಎಚ್‌ಆರ್‌ಗೆ "ಚಿಕಿತ್ಸೆ ನಡೀತಿದೆ, ಮೂರು ತಿಂಗಳು ಹಗಲು ಶಿಫ್ಟ್ ಬೇಕು" ಅನ್ನುವಷ್ಟು ಸಾಕು. ನರಸಾಪುರ, ವೇಮಗಲ್, ಮಾಲೂರು ಕಡೆ ಕೆಲಸಗಾರರಲ್ಲಿ ಹೆಚ್ಚಿನವರು ಕಾಂಟ್ರಾಕ್ಟ್‌ನವರು, ಬಾಯಿ ಬಿಟ್ಟರೆ ಮಾರನೇ ದಿನ ಗೇಟ್ ಪಾಸ್ ಇಲ್ಲ ಅನ್ನುವ ಭಯ ನನಗೂ ಅರ್ಥವಾಗುತ್ತದೆ. ಆದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದರೆ ಕಾಂಟ್ರಾಕ್ಟ್‌ನವರಿಗೂ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಉಂಟು. ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ ಸಿಗುತ್ತದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ. ಮುಂದಿನ ಸಲ "ಹೋಗೋದೇ ನಿಲ್ಲಿಸೋ" ಬದಲು ಇಎಸ್‌ಐ ಡಾಕ್ಟರ ಚೀಟಿ ತಂದು ರಜೆ ಹಾಕಲಿ. ನೀವು ಗಾರ್ಮೆಂಟ್ಸ್‌ನಲ್ಲಿ ಇದ್ದೀರಲ್ಲ, ನಿಮ್ಮ ಕಾರ್ಡಿನಲ್ಲಿ ಅವರ ಹೆಸರು ಸೇರಿಸಿದ್ದೀರಾ ನೋಡಿ. ಸೇರಿಸಿದ್ದರೆ ಅವರಿಗೆ ಕೆಲಸ ಇಲ್ಲದ ಈ ಸಮಯದಲ್ಲಿ ಚಿಕಿತ್ಸೆ ಅದರಲ್ಲೇ ಆಗಬಹುದು.

ಟೊಮೆಟೊ ಈಗ ಬೇಡ. ಇದರಲ್ಲಿ ನಾನು ಸ್ವಲ್ಪ ಖಡಾಖಂಡಿತ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳು ಮಾತ್ರ ಮರೆತುಹೋಗುತ್ತವೆ. ಬೋರ್‌ವೆಲ್, ಕಡ್ಡಿ, ಡ್ರಿಪ್, ಔಷಧಿ ಎಲ್ಲ ಸಾಲ. ಮನಸ್ಸು ಕುಸಿದಿರುವಾಗ ಸಾಲದ ಮೇಲೆ ಜೂಜು ಬೇಡ. ದೊಡ್ಡ ನಿರ್ಧಾರಗಳನ್ನು ಆರು ತಿಂಗಳು ಮುಂದಕ್ಕೆ ಹಾಕಿ. ಅಲ್ಲಿಯವರೆಗೆ ದಿನಕ್ಕೊಂದು ಗೂಟ ಬೇಕು ಅಂದರೆ, ಮನೆಯಲ್ಲಿ ಹಸು ಇದ್ದರೆ ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಕೆಲಸ ಅವರಿಗೇ ಬಿಡಿ. ಹಸು ಮೂಡ್ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಎದ್ದು, ಕ್ಯಾನ್ ತೊಳೆದು, ಕ್ಯೂನಲ್ಲಿ ನಾಲ್ಕು ಜನರ ಜೊತೆ ನಿಂತು ಬರುವುದು ಸಣ್ಣ ವಿಷಯ ಅನಿಸಬಹುದು. ಖಿನ್ನತೆ ಚಿಕಿತ್ಸೆಯಲ್ಲಿ ನಾವು ಬರೆದುಕೊಡುವ ದಿನಚರಿಯೂ ಇಂಥದ್ದೇ.

"ಬದುಕಿದ್ದು ಏನು ಮಾಡಲಿ ಅಂತ ಅನಿಸುತ್ತಾ?" ಅಂತ ಅವರನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಕೇಳಿದವರ ಮುಂದೆ ಎದೆ ಹಗುರ ಮಾಡಿಕೊಂಡವರೇ ಜಾಸ್ತಿ. ಹೌದು ಅಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ. ಹೌದು ಅನ್ನಲಿ, ಇಲ್ಲ ಅನ್ನಲಿ, ಮನೆಯಲ್ಲಿರುವ ಬೆಳೆ ಔಷಧಿ ಡಬ್ಬಿಗಳನ್ನು ಇವತ್ತೇ ನಿಮ್ಮ ತವರಿಗೋ ನಂಬಿಕಸ್ತರ ಮನೆಗೋ ಸಾಗಿಸಿಬಿಡಿ.

14416ಕ್ಕೆ ಫೋನ್ ಮಾಡಬಹುದು. ಟೆಲಿ ಮನಸ್ ಅಂತ, 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮವರು ಮಾತಾಡಲ್ಲ ಅಂದರೆ ಮೊದಲು ನೀವೇ ಫೋನ್ ಮಾಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ನಿಮಗೆ ದೂರವಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೊರಡುವ ಮುಂಚೆ ಬಂಗಾರಪೇಟೆ ಆಸ್ಪತ್ರೆಗೆ ಒಂದು ಫೋನ್ ಮಾಡಿ ಈ ವಾರ ಇದ್ದಾರಾ ಅಂತ ಕೇಳಿಕೊಳ್ಳಿ. "ಮೆಂಟಲ್ ಡಾಕ್ಟರು" ಅಂದರೆ ನಿಮ್ಮವರು ಎದ್ದು ಹೋಗುತ್ತಾರೆ. "ನಿದ್ದೆ ಬರ್ತಿಲ್ವಲ್ಲ, ತೋರಿಸ್ಕೊಂಡು ಬರೋಣ ನಡೀರಿ" ಅನ್ನಿ. ಸುಳ್ಳೇನೂ ಅಲ್ವಲ್ಲ. ಹೋಗುವಾಗ ಆ ಐದು ಕೆಲಸಗಳ ಪಟ್ಟಿ ಬರೆದುಕೊಂಡು ಹೋಗಿ, ತಿಂಗಳುಗಳ ಸಮೇತ.

ಒಂದು ಕಡೆ ನಿಲ್ಲುತ್ತಾರಾ ಅಂತ ಕೇಳಿದ್ದೀರಿ. ಒಂಬತ್ತು ವರ್ಷ ನಿಂತವರು ಮತ್ತೆ ನಿಲ್ಲಬಲ್ಲರು. ಆದರೆ ಖಿನ್ನತೆ ಒಮ್ಮೆ ಬಂದವರಲ್ಲಿ ಸುಮಾರು ಅರ್ಧ ಜನಕ್ಕೆ ಮತ್ತೆ ಬರುತ್ತದೆ, ಹಲವು ಸಲ ಬಂದವರಿಗೆ ಇನ್ನೂ ಜಾಸ್ತಿ. ಹಾಗಾಗಿ ಮತ್ತೆ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೂರು ಗಂಟೆಗೆ ಎಚ್ಚರ, ಸೋಮವಾರದ ರಜೆ, ಈ ಎರಡು ಮತ್ತೆ ಕಂಡ ವಾರವೇ ಡಾಕ್ಟರ ಹತ್ತಿರ ಹೋದರೆ ಕೆಲಸ ಉಳಿಯುತ್ತದೆ. ಜಗಳ ಆದ ಮೇಲೆ ಹೋದರೆ ತಡ.

ಮಗನಿಗೆ "ಅಪ್ಪಂಗೆ ಹುಷಾರಿಲ್ಲ, ನಿದ್ದೆ ಬರೋದಿಲ್ಲ, ಡಾಕ್ಟರ ಹತ್ತಿರ ಹೋಗ್ತೀವಿ" ಅನ್ನಿ. ಏಳು ವರ್ಷದವನಿಗೆ ಅಷ್ಟು ಅರ್ಥವಾಗುತ್ತದೆ. ನಾವು ಹೇಳದೆ ಇದ್ದರೆ ಮಕ್ಕಳು, ನಾನು ಗಲಾಟೆ ಮಾಡಿದ್ದಕ್ಕೇ ಅಪ್ಪ ಹೀಗಾದರು ಅಂದುಕೊಳ್ಳುತ್ತವೆ. "ನಿನ್ನಿಂದ ಅಲ್ಲ ಮಗಾ" ಅಂತ ಅದನ್ನೂ ಬಾಯಿ ಬಿಟ್ಟು ಹೇಳಿ, ಸಾಧ್ಯವಾದರೆ ಅವರಪ್ಪನ ಎದುರಿಗೇ.